ಒಂದು ತಪ್ಪಿಗೆ ಒಂದೇ ವರದಿ: ಕನ್ನಡ ಬರಹ ಪರೀಕ್ಷಕದ ಕೆಲಸ ಎಲ್ಲಿಗೆ ಬಂತು

ಹಾಸನದಲ್ಲಿ ಬಿಡುವಿನ ವೇಳೆಯಲ್ಲಿ ನಾನು ಕಟ್ಟುತ್ತಿರುವ, ಕನ್ನಡ ಬರಹದ ತಪ್ಪು ಹಿಡಿಯುವ ತಂತ್ರಾಂಶವಾದ ಬರಹ ಪರೀಕ್ಷಕಕ್ಕೆ ಎರಡು ಭಾಗಗಳಿವೆ. ಮೊದಲನೆಯದು, ಕಾಗುಣಿತ ನೋಡುವ ತಂತ್ರಾಂಶವಾದ ಹನ್‌ಸ್ಪೆಲ್ ಆಧರಿಸಿದ ಪದಪರೀಕ್ಷಕ. ಅದು ಒಂದೊಂದೇ ಪದವನ್ನು ನಿಘಂಟಿನ ಕಡತದಲ್ಲಿಯೂ ಪ್ರತ್ಯಯಗಳ ಕಡತದಲ್ಲಿಯೂ ಹುಡುಕಿ ನೋಡುತ್ತದೆಯೇ ಹೊರತು ಅಕ್ಕಪಕ್ಕದ ಪದಗಳನ್ನು ಗಮನಿಸುವುದಿಲ್ಲ. ಎರಡನೆಯದು ನಾನು ಬರೆದ ವ್ಯಾಕರಣ ನಿಯಮಗಳು. ಅವು ಇಡೀ ವಾಕ್ಯವನ್ನು ನೋಡುತ್ತವೆ. ಈ ಬಾರಿಯ ಕೆಲಸವೆಲ್ಲ ಇವೆರಡೂ ಸೇರಿ ಒಂದೇ ತಪ್ಪನ್ನು ಎರಡು ಸಲ ಹೇಳದಂತೆ ನೋಡಿಕೊಳ್ಳುವುದರಲ್ಲಿಯೇ ಕಳೆಯಿತು. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳ ಕುರಿತು ನಮ್ಮ ಕಡೆಯವರು ಬರೆದ ಲೇಖನಗಳನ್ನು ಪರೀಕ್ಷೆಗೆ ಬಳಸಿಕೊಂಡೆ.

ಬೇಲೂರಿನ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಪರೀಕ್ಷಕದ ವರದಿಗಳನ್ನು ಓದಿ ಅಭಿಪ್ರಾಯ ತಿಳಿಸುತ್ತಾರೆ. ‘ಪಾದರಕ್ಷೆ ಧರಿಸಿ ಒಳಗೆ ಹೋಗ ಬಾರದು’ ಎಂಬ ವಾಕ್ಯದಡಿ ಎರಡು ಗೆರೆಗಳನ್ನು ಕಂಡು, "ಇಲ್ಲಿರುವ ತಪ್ಪು ಒಂದೋ ಎರಡೋ?" ಎಂದು ಅವರು ಕೇಳಿದರು. ತಪ್ಪು ಒಂದೇ, ಕೂಡಿಸಿ ಬರೆಯಬೇಕಾದುದನ್ನು ಬಿಡಿಸಿ ಬರೆದಿರುವುದು. ಆದರೆ ‘ಹೋಗ’ ಎಂಬ ರೂಪ ನಿಘಂಟಿನಲ್ಲಿ ಇಲ್ಲವಾದ್ದರಿಂದ ಪದಪರೀಕ್ಷಕವು ‘ಹೋಗು’, ‘ಹೋಗಿ’ ಎಂದು ಸೂಚಿಸುತ್ತದೆ. ವ್ಯಾಕರಣ ನಿಯಮವು ಎರಡೂ ಪದಗಳನ್ನು ಹಿಡಿದು ‘ಹೋಗಬಾರದು’ ಎನ್ನುತ್ತದೆ. ಮೊದಲನೆಯ ಸೂಚನೆಯನ್ನು ನಂಬಿ ತಿದ್ದಿದವರ ವಾಕ್ಯ ‘ಹೋಗಿ ಬಾರದು’ ಎಂದಾಗಿ, ಮೊದಲಿಗಿಂತ ಕೆಡುತ್ತದೆ. ಎರಡು ವರದಿಗಳು ಬರೀ ಕಿರಿಕಿರಿಯಲ್ಲ, ಬರೆಯುವವರನ್ನು ದಾರಿ ತಪ್ಪಿಸುತ್ತವೆ ಎಂಬುದು ಇದರಿಂದ ನನಗೆ ಖಚಿತವಾಯಿತು. ‘ಬರ ಬಹುದು’ ಎಂದು ಬರೆದಾಗ ಈ ತೊಡಕು ಹುಟ್ಟುವುದೇ ಇಲ್ಲ, ಏಕೆಂದರೆ ‘ಬರ’ ನಿಘಂಟಿನಲ್ಲಿರುವ ಪದ.

ಈಗ ಎರಡೂ ಭಾಗಗಳು ತಮ್ಮ ಕೆಲಸ ಮುಗಿಸಿದ ಮೇಲೆ ವರದಿಗಳೆಲ್ಲ ಒಂದೆಡೆ ಸೇರುತ್ತವೆ. ಒಂದರ ಮೇಲೊಂದು ಬಿದ್ದವುಗಳಲ್ಲಿ ಆದ್ಯತೆ ಹೆಚ್ಚಿರುವುದು ಉಳಿಯುತ್ತದೆ. ಲ್ಯಾಂಗ್ವೇಜ್‌ಟೂಲ್ ಎಂಬ ವ್ಯಾಕರಣ ಪರೀಕ್ಷಕ ಕೂಡ ನಿಯಮಗಳಿಗೆ ಒಂದೊಂದು ಆದ್ಯತೆ ನಿಗದಿಪಡಿಸಿ ಹೀಗೆಯೇ ಸೋಸುತ್ತದೆ. ಆದರೆ ವ್ಯಾಕರಣವೇ ಯಾವಾಗಲೂ ಗೆಲ್ಲಲಿ ಎಂದು ಬಿಟ್ಟರೆ ಇನ್ನೊಂದು ಬಗೆಯ ಹಾನಿಯಾಗುತ್ತದೆ. ‘ವಿಧ್ಯಾರ್ಥಿಗಳು ದೇವಾಲಯ ನೋಡಲು ಬಂದನು’ ಎಂಬಲ್ಲಿ ನಿಜವಾಗಿಯೂ ಎರಡು ತಪ್ಪುಗಳಿವೆ. ಕರ್ತೃಪದದಿಂದ ಕ್ರಿಯಾಪದದವರೆಗೆ ಗೆರೆ ಎಳೆಯುವ ನಿಯಮವು ‘ವಿಧ್ಯಾರ್ಥಿ’ಯ ಮಹಾಪ್ರಾಣದ ತಪ್ಪನ್ನು ನುಂಗಿಬಿಡುತ್ತದೆ. ಆದ್ದರಿಂದ ನಿಯಮ ಎಷ್ಟು ದೂರ ನೋಡುತ್ತದೆ ಎಂಬುದನ್ನೂ ಎಲ್ಲಿ ಗೆರೆ ಎಳೆಯುತ್ತದೆ ಎಂಬುದನ್ನೂ ಬೇರ್ಪಡಿಸಿದೆ: ನೋಡುವುದು ಇಡೀ ವಾಕ್ಯವನ್ನು, ಗೆರೆ ಬೀಳುವುದು ‘ಬಂದನು’ ಎಂಬುದರಡಿ ಮಾತ್ರ. ತಿದ್ದಬೇಕಾದ ಪದಕ್ಕಿಂತ ಒಂದಕ್ಷರವೂ ಹೆಚ್ಚು ಹಿಡಿಯಬಾರದು ಎಂಬುದನ್ನು ಎಲ್ಲ ನಿಯಮಗಳಿಗೂ ಕಡ್ಡಾಯ ಮಾಡಿದ್ದೇನೆ.

ಹೆಚ್ಚು ಸಮಯ ಹಿಡಿದದ್ದು ಸ್ಥಾನಗಳ ಲೆಕ್ಕ, ಅಂದರೆ ತಪ್ಪು ಪಠ್ಯದ ಎಷ್ಟನೆಯ ಸಂಕೇತದಲ್ಲಿದೆ ಎಂಬುದು. ‘ಹೊಯ್ಸಳ’ ಎಂಬ ಪದದ ಒತ್ವವನ್ನು, ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳೆಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ‘ಬಾಬಾಬುಡನ್‌ಗಿರಿ’ಯಲ್ಲಿ ‘ನ್’ ಆದ ಮೇಲೆ, ‘ಗ’ ಒತ್ತಕ್ಷರವಾಗದಂತೆ ತಡೆಯುವ ಕಣ್ಣಿಗೆ ಕಾಣದ ಸಂಕೇತವೊಂದು ಇರುತ್ತದೆ. ಪದಪರೀಕ್ಷಕವು ಹುಡುಕುವ ಮುನ್ನ ಒತ್ವವನ್ನು ಒಂದಾಗಿಸಿ, ಆ ಕಾಣದ ಸಂಕೇತವನ್ನು ತೆಗೆದುಹಾಕುತ್ತದೆ. ವ್ಯಾಕರಣ ನಿಯಮಗಳು ಮೂಲ ಪಠ್ಯವನ್ನೇ ಓದುತ್ತವೆ. ಹೀಗಾಗಿ ಇಂಥ ಪದ ಬಂದ ಕಡೆಯಿಂದ ಮುಂದಕ್ಕೆ ಎರಡರ ಲೆಕ್ಕಗಳ ನಡುವೆ ಒಂದೊಂದು ಸ್ಥಾನದ ವ್ಯತ್ಯಾಸ ಬಂದು, ಒಂದೇ ಪದದ ಮೇಲಿನ ಎರಡು ವರದಿಗಳು ಬೇರೆ ಬೇರೆ ಜಾಗದವೆಂದು ತೋರುತ್ತಿದ್ದವು. ಈಗ ಪ್ರತಿ ಬದಲಾವಣೆಯ ಜೊತೆಗೆ ಮೂಲದ ಸ್ಥಾನವನ್ನೂ ದಾಖಲಿಸಿಟ್ಟು, ಹೋಲಿಕೆಯನ್ನು ಮೂಲ ಪಠ್ಯದ ಸ್ಥಾನಗಳಲ್ಲಿಯೇ ಮಾಡಲಾಗುತ್ತಿದೆ.

ಎರಡೂ ವರದಿಗಳು ಒಂದೇ ಪದದ ಮೇಲೆ ಬಂದಾಗ, ಉದಾಹರಣೆಗೆ ‘ಶುಭಾಷಯ’ದಲ್ಲಿ, ಕಾರಣ ಹೇಳುವ ವರದಿಯನ್ನು ಉಳಿಸಿಕೊಳ್ಳುತ್ತೇನೆ. ಶುಭ ಮತ್ತು ಆಶಯ ಸೇರಿ ‘ಶುಭಾಶಯ’ ಆಗಿದೆ ಎಂದು ತಿಳಿದವರು ಮುಂದಿನ ಸಲ ತಾವಾಗಿಯೇ ಸರಿಯಾಗಿ ಬರೆಯುತ್ತಾರೆ. ಬಳಕೆದಾರರು ಒಂದು ಪದವನ್ನು ತಮ್ಮ ಸ್ವಂತ ನಿಘಂಟಿಗೆ ಸೇರಿಸಿಕೊಂಡರೆ, ಆ ಪದದ ರೂಪವನ್ನಷ್ಟೇ ನೋಡುವ ನಿಯಮವೂ ಸುಮ್ಮನಾಗಬೇಕು. ‘ಹಳೆಬೀಡು’ ಎಂದೇ ಬರೆಯಲು ನಿರ್ಧರಿಸಿದವರಿಗೆ ಇನ್ನೊಂದು ಬಾಗಿಲಿನಿಂದ ಬಂದು ಅದೇ ಆಕ್ಷೇಪ ಎತ್ತುವುದು ಸರಿಯಲ್ಲ. ‘ಪ್ರಶಸ್ತಿ ಪ್ರಧಾನ ಸಮಾರಂಭ’ದಂಥವನ್ನು ಸಂದರ್ಭ ನೋಡಿ ಹಿಡಿಯುವ ನಿಯಮಗಳಿಗೆ ಈ ವಿನಾಯಿತಿ ಇಲ್ಲ, ಏಕೆಂದರೆ ‘ಪ್ರಧಾನ’ ನಿಘಂಟಿನಲ್ಲಿ ಇದ್ದರೂ ಅಲ್ಲಿ ಬೇಕಾದದ್ದು ‘ಪ್ರದಾನ’.

ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲಿ ಮಾತ್ರ ಈ ಏರ್ಪಾಡು ಪೂರ್ತಿಯಾಗಿ ನಡೆಯದು. ಅಲ್ಲಿ ಕಾಗುಣಿತದ ಕೆಂಪು ಗೆರೆಯನ್ನು ಲಿಬ್ರೆಆಫೀಸ್ ತಾನೇ ಎಳೆಯುತ್ತದೆ, ವ್ಯಾಕರಣದ ನೀಲಿ ಗೆರೆಯಷ್ಟೇ ಅದಕ್ಕೆ ನಾನು ಜೋಡಿಸಿರುವ ವಿಸ್ತರಣೆಯ ಕೈಯಲ್ಲಿದೆ. ಆದ್ದರಿಂದ ಅಲ್ಲಿ ನನ್ನ ಪದಪರೀಕ್ಷಕವನ್ನೂ ಪದರೂಪದ ನಿಯಮಗಳನ್ನೂ ನಿಲ್ಲಿಸಿ, ಸಂದರ್ಭದ ನಿಯಮಗಳನ್ನು ಮಾತ್ರ ಚಾಲನೆಯಲ್ಲಿ ಇಟ್ಟಿದ್ದೇನೆ. ‘ಹೋಗ ಬಾರದು’ ಎಂಬುದಕ್ಕೆ ಅಲ್ಲಿ ಸದ್ಯ ಎರಡು ಬಣ್ಣದ ಗೆರೆಗಳೂ ಬೀಳುತ್ತವೆ. ನೀಲಿಯನ್ನು ತೆಗೆಯಲು ನಾನು ಒಪ್ಪಲಿಲ್ಲ, ಏಕೆಂದರೆ ‘ಹೋಗಬಾರದು’ ಎಂಬ ಸರಿಯಾದ ಸೂಚನೆ ಇರುವುದು ಅದರಲ್ಲಿ ಮಾತ್ರ.