ಗುಂಪಿನಲ್ಲಿ ಕೂತು ಮಾತಾಡಬೇಕಾದ ಕೊನೆಗಾಲದ ಚಿಕಿತ್ಸೆ

ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆಗಳಲ್ಲಿ ಮುಂಗಡ ಆರೈಕೆ ಯೋಜನೆಯನ್ನು, ಅಂದರೆ ಮುಂದೆ ಮಾತಾಡಲು ಆಗದಿದ್ದರೆ ಯಾವ ಚಿಕಿತ್ಸೆ ಬೇಕು, ಯಾರು ತೀರ್ಮಾನಿಸಬೇಕು ಎಂಬುದನ್ನು, ಗುಂಪಾಗಿ ಕೂತು ಚರ್ಚಿಸುವ ಕ್ರಮವಿದೆ. ಹೆಚ್ಚಾಗಿ ಸಮಾಜ ಕಾರ್ಯಕರ್ತರು ನಡೆಸುತ್ತಾರೆ. ಮನೆಯವರೂ ಬರಬಹುದು; ಬಂದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ನಡೆಸುವವರು ಭಾಷಣಕ್ಕೆ ಇಳಿದರೆ ಸಭೆ ಕೆಟ್ಟಿತು. 'ನಿಮಗೆ ಮಾತಾಡಲು ಆಗದ ದಿನ ಡಾಕ್ಟರು ಯಾರನ್ನು ಕೇಳಬೇಕು?' ಎಂದು ಕೇಳಿ ಸುಮ್ಮನಿರಬೇಕು. 'ಮಗಳನ್ನು' ಎಂದು ಉತ್ತರ ಬಂದರೆ, 'ಅದು ಅವಳಿಗೆ ಗೊತ್ತಾ?' ಎಂದು ಕೇಳಬೇಕು. ಆಗ ಪಕ್ಕದ ಕುರ್ಚಿಯ ಇನ್ನೊಬ್ಬ ಸೈನಿಕ ಆಡುವ ಒಂದು ಮಾತು, ಸಿಬ್ಬಂದಿಯ ಹತ್ತು ಮಾತಿಗಿಂತ ಆಳಕ್ಕೆ ನಾಟುತ್ತದೆ. ಗುಂಪಿನ ನಿಜವಾದ ಬಲ ಇದೇ.

ಇದನ್ನೆಲ್ಲ ಬರೆದಿಡುವ ಇಲಾಖೆಯ ಫಾರಂ ಸಂಖ್ಯೆ 10-0137. ನಿಮ್ಮ ಪರವಾಗಿ ಚಿಕಿತ್ಸೆಯ ತೀರ್ಮಾನ ಮಾಡುವ ಪ್ರತಿನಿಧಿಯ ನೇಮಕ, ಚಿಕಿತ್ಸೆಯ ಬಗೆಗಿನ ಇಚ್ಛೆ, ಎರಡೂ ಅದರಲ್ಲೇ ಇವೆ. ಬದಲಿ ಪ್ರತಿನಿಧಿಯ ಜಾಗ ಖಾಲಿ ಬಿಡಬೇಡಿ. ಇಬ್ಬರು ಸಾಕ್ಷಿಗಳ ಎದುರಲ್ಲೇ ಸಹಿ ಆಗಬೇಕು. ಪ್ರತಿನಿಧಿಯಾದವರು ಸಾಕ್ಷಿ ಹಾಕುವಂತಿಲ್ಲ. ಮಗಳನ್ನು ಪ್ರತಿನಿಧಿ ಮಾಡಿ ಅವಳಿಂದಲೇ ಸಾಕ್ಷಿ ಹಾಕಿಸಿದರೆ ಮತ್ತೆ ಮೊದಲಿನಿಂದ ಬರೆಯಬೇಕಾಗುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಅಪಾಯದ್ದು. ಫಾರಂನಲ್ಲಿ 'ವೆಂಟಿಲೇಟರ್ ಬೇಡ' ಎಂದು ಬರೆದದ್ದು ಇಚ್ಛೆ ಅಷ್ಟೇ, ವೈದ್ಯರ ಆದೇಶವಲ್ಲ. ಕಾಯಿಲೆ ಬಲಿತವರು ವೈದ್ಯರ ಜೊತೆ ಬೇರೆಯಾಗಿ ಮಾತಾಡಿ ಜೀವರಕ್ಷಕ ಚಿಕಿತ್ಸೆಯ ಆದೇಶ ಬರೆಸಬೇಕು.

ಅದೇ ದಿನ ಸಹಿ ಹಾಕಿ ಎಂದು ಒತ್ತಾಯ ಬೇಡ. ಏಳುವ ಮುನ್ನ ಪ್ರತಿಯೊಬ್ಬರೂ ಮುಂದಿನ ಒಂದು ಹೆಜ್ಜೆ ಹೇಳಲಿ: 'ಭಾನುವಾರ ತಮ್ಮನಿಗೆ ಫೋನ್ ಮಾಡುತ್ತೇನೆ' ಅಂದರೂ ಸಾಕು. ಸಹಿಯಾದ ಫಾರಂ ಬೀರುವಿನಲ್ಲಿ ಉಳಿಯದೆ ವೈದ್ಯಕೀಯ ದಾಖಲೆಗೆ ಸೇರಿದೆಯೇ ಎಂದು ನೋಡಿ. ವಿಚ್ಛೇದನವಾದರೆ, ಪ್ರತಿನಿಧಿ ತೀರಿಕೊಂಡರೆ, ಹೊಸದು ಬರೆಯಿರಿ.