ಕಡಲೆ ತಿಂದ ಹುಳು, ಟೊಮೆಟೊ ಎಲೆ ತಿಂದ ಹುಳು

ಪುಣೆ, 2 ಫೆಬ್ರವರಿ 2025, ಭಾನುವಾರ

ಹಸಿಕಡಲೆ ತಿಂದು ಬೆಳೆದ ಐದು ಕಾಯಿಕೊರಕ ಹುಳುಗಳಲ್ಲಿ ನಾಲ್ಕು ನಿನ್ನೆ ರಾತ್ರಿಯೊಳಗೆ ಕೋಶವಾಗಲು ಮಣ್ಣಿನೊಳಗೆ ಇಳಿದಿವೆ. ಟೊಮೆಟೊ ಎಲೆಯ ಮೇಲಿಟ್ಟ ಐದರಲ್ಲಿ ಒಂದು ಸತ್ತಿದೆ. ಉಳಿದವು ಇನ್ನೂ ತಿನ್ನುತ್ತಲೇ ಇವೆ, ಗಾತ್ರದಲ್ಲಿ ಕಡಲೆಯವುಗಳ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿರಬಹುದು. ಸಂಕ್ರಾಂತಿಯ ನಂತರದ ಭಾನುವಾರ ಮಂಡಈ ಮಾರುಕಟ್ಟೆಯಿಂದ ತಂದ ಕಡಲೆಗಿಡದ ಕಟ್ಟಿನಲ್ಲಿ ಸಿಕ್ಕಾಗ ಇವೆಲ್ಲ ಅಕ್ಕಿಕಾಳಿಗಿಂತ ಚಿಕ್ಕವಾಗಿದ್ದವು. ಒಟ್ಟಿಗಿಟ್ಟರೆ ಒಂದನ್ನೊಂದು ತಿನ್ನುವ ಜಾತಿಯಾದ್ದರಿಂದ ಒಂದೊಂದಕ್ಕೂ ಬೇರೆ ಡಬ್ಬಿ ಕೊಟ್ಟು, ತಳಕ್ಕೆ ಎರಡು ಬೆರಳು ಹಸಿಮಣ್ಣು ಹಾಕಿದ್ದೆ.

ಬೆಳಿಗ್ಗೆ ಒಂದು ಡಬ್ಬಿಯ ಮಣ್ಣನ್ನು ಚಮಚದಿಂದ ಸರಿಸಿದಾಗ ಬೆಲ್ಲದ ಬಣ್ಣದ, ಮಿರುಗುವ ಕೋಶ, ಅಂದರೆ ಹುಳು ಪತಂಗವಾಗುವ ಮುಂಚಿನ ಹಂತ, ಕಾಣಿಸಿತು. ಬೆರಳು ತಾಗಿದೊಡನೆ ಬಾಲದ ತುದಿಯನ್ನು ಎರಡು ಬಾರಿ ಹೊರಳಿಸಿತು. ಈ ಕೋಶದ ತೂಕವೇ ಮುಂದಿನ ಕಥೆಯನ್ನು ನಿರ್ಧರಿಸುತ್ತದೆ. ಮರಿಯಾಗಿದ್ದಾಗ ಚೆನ್ನಾಗಿ ತಿಂದು ಭಾರವಾದ ಕೋಶದಿಂದ ಬರುವ ಹೆಣ್ಣು ಪತಂಗ ಹೆಚ್ಚು ಮೊಟ್ಟೆ ಇಡುತ್ತದೆ. ಕಳಪೆ ಆಹಾರದ ಮೇಲೆ ಬೆಳೆದದ್ದು ತಡವಾಗಿ ಕೋಶವಾಗುವುದಲ್ಲದೆ, ಮೊಟ್ಟೆಗಳನ್ನೂ ಕಡಿಮೆ ಇಡುತ್ತದೆ. ಟೊಮೆಟೊ ಎಲೆಯ ಸಣ್ಣ ರೋಮಗಳೂ, ಹುಳುವಿನ ಪಚನವನ್ನು ತಡೆಯುವ ಪ್ರೋಟೀನುಗಳೂ ಬೆಳವಣಿಗೆಯನ್ನು ಹಿಂದಕ್ಕೆಳೆಯುತ್ತವೆ.

ಕಡಲೆಗಿಡವೂ ಸುಮ್ಮನೆ ಸೋಲುವುದಿಲ್ಲ. ಅದರ ಎಲೆಯ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುತ್ತವೆ, ಆಕ್ಸಾಲಿಕ್ ಆಮ್ಲ ಮರಿಗಳ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ನಮ್ಮ ಕಲಬುರಗಿ ಸೀಮೆಯಲ್ಲಿ ಅಜ್ಜಿ ನಸುಕಿನಲ್ಲಿ ಬಿಳಿ ಬಟ್ಟೆ ಹಾಸಿ, ಇಬ್ಬನಿಯೊಂದಿಗೆ ಹಿಂಡಿ ತೆಗೆಯುತ್ತಿದ್ದ ಕಡಲೆ ಹುಳಿ ಇದೇ. ಇಲ್ಲಿನ ಮರಾಠಿ ನೆರೆಯವರು ಅದನ್ನು ಆಂಬ ಎನ್ನುತ್ತಾರೆ. ಹೊಟ್ಟೆನೋವಿಗೆ ಅದನ್ನು ಕುಡಿದ ನನಗೆ, ಗಿಡಕ್ಕೆ ಅದು ಕಾವಲು ಎಂಬುದು ಬಹಳ ತಡವಾಗಿ ತಿಳಿಯಿತು. ಆದರೂ ಹುಳು ಎಳೆಗಾಯಿಯನ್ನು ಕೊರೆದು ಕಾಳನ್ನು ಮುಟ್ಟಿತೆಂದರೆ ಅದಕ್ಕೆ ಹೇರಳ ಸಾರಜನಕ ಸಿಕ್ಕಿದಂತೆಯೇ. ಇಲ್ಲಿಯ ಪಾಷಾಣ್ ರಸ್ತೆಯ ರಾಷ್ಟ್ರೀಯ ರಸಾಯನಶಾಸ್ತ್ರ ಪ್ರಯೋಗಾಲಯದ ವಿಜ್ಞಾನಿಗಳು ಈ ಹುಳುವಿನ ಕರುಳನ್ನು ಪರಿಶೀಲಿಸಿ, ತಿನ್ನುವ ಗಿಡಕ್ಕೆ ತಕ್ಕಂತೆ ಅದು ತನ್ನ ಪಚನ ಕಿಣ್ವಗಳನ್ನು ಬದಲಿಸಿಕೊಳ್ಳುತ್ತದೆಂದು ತೋರಿಸಿದ್ದಾರೆ. 180ಕ್ಕೂ ಹೆಚ್ಚು ಜಾತಿಯ ಗಿಡಗಳ ಮೇಲೆ ಬದುಕುವ ಗುಟ್ಟು ಬಹುಮಟ್ಟಿಗೆ ಇದರಲ್ಲಿಯೇ ಇದೆ.

ಸಂಜೆ, ಊರಲ್ಲಿ ತೊಗರಿ, ಕಡಲೆ ಬೆಳೆಯುವ ಅಪ್ಪ ಫೋನ್ ಮಾಡಿದ್ದರು. "ತೊಗರ್ಯಾಗ ಇದ್ದದ್ದೂ ಇದೇ ಹುಳ, ಕಡ್ಲ್ಯಾಗ ಇದ್ದದ್ದೂ ಇದೇ ಹುಳ. ಬ್ಯಾರೆ ಏನದ?" ಎಂದರು. ಬೇರೆ ಇರುವುದು ಅದರ ಹಿಂದಿನ ಊಟ. ತೊಗರಿಯ ಹೂವು, ಕಾಯಿ ತಿಂದು ಪುಷ್ಟವಾದ ಪೀಳಿಗೆಯ ಪತಂಗಗಳೇ ಈಗ ಪಕ್ಕದ ಕಡಲೆಯಲ್ಲಿ ಮೊಟ್ಟೆ ಇಡುತ್ತಿರಬಹುದು. ಸಿಂಪಡಣೆಯ ದಿನವನ್ನು ಮಾತ್ರ ಲೆಕ್ಕ ಹಾಕಿ ಸುತ್ತಲಿನ ಬೆಳೆಯನ್ನು ಮರೆಯುವುದು ತಪ್ಪೆಂದೇ ನನ್ನ ದೃಢ ಅಭಿಪ್ರಾಯ. ಟೊಮೆಟೊದಲ್ಲಿ 16 ಸಾಲಿಗೊಂದು ಚೆಂಡುಹೂವಿನ ಸಾಲು ಹಾಕುವ ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕ್ರಮ ಇದೇ ತಿಳುವಳಿಕೆಯಿಂದ ಬಂದದ್ದು. ಎರಡೂ ಒಟ್ಟಿಗೆ ಹೂಬಿಡಲೆಂದು 25 ದಿನದ ಟೊಮೆಟೊ ಸಸಿಯ ಜೊತೆ 40 ದಿನದ ಚೆಂಡುಹೂ ಸಸಿಯನ್ನು ನೆಡುತ್ತಾರೆ, ಪತಂಗ ಮೊಟ್ಟೆ ಇಡಲು ಟೊಮೆಟೊ ಬಿಟ್ಟು ಚೆಂಡುಹೂವಿನ ಕಡೆಗೆ ಹೋಗುತ್ತದೆ.

ಔಷಧಿ ಹೊಡೆಯುವ ಮೊದಲು, ತೊಗರಿ ಕೊಯ್ದ ಪಟ್ಟಿಗೆ ಹತ್ತಿದ ಕಡಲೆ ಸಾಲುಗಳಲ್ಲಿಯೂ ಹಳ್ಳದ ಕಡೆಯ ಸಾಲುಗಳಲ್ಲಿಯೂ ಹುಳುಗಳನ್ನು ಬೇರೆ ಬೇರೆಯಾಗಿ ಎಣಿಸಿ ಬರೆದಿಡುವುದಾಗಿ ಅಪ್ಪ ಒಪ್ಪಿದ್ದಾರೆ.