ಏರ್‌ಸಾಫ್ಟ್‌ಗೆ ಯಾವ ಬಟ್ಟೆ, ಯಾವ ಗೇರ್ ತಗೊಳ್ಳಲಿ?

ಓದಿಗೋ ಕೆಲಸಕ್ಕೋ ಅಮೆರಿಕ, ಬ್ರಿಟನ್‌ಗೆ ಹೋದ ನಮ್ಮವರು ವಾರಾಂತ್ಯಕ್ಕೆ ಏರ್‌ಸಾಫ್ಟ್ (ನಕಲಿ ಬಂದೂಕಿನಿಂದ ಒಬ್ಬರಿಗೊಬ್ಬರು ಪ್ಲಾಸ್ಟಿಕ್ ಗುಂಡು ಹಾರಿಸುವ ಆಟ) ಆಡಲು ಶುರುಮಾಡಿದರೆ ಎರಡನೇ ವಾರಕ್ಕೇ ಈ ಪ್ರಶ್ನೆ ಬರುತ್ತದೆ: "ಬಟ್ಟೆ, ವೆಸ್ಟು, ಗಾಗಲ್ಸು ಎಲ್ಲ ಯಾವುದು ತಗೊಳ್ಳಲಿ? ಸೈನ್ಯಕ್ಕೆ ಕೊಡೋ ಬ್ರ್ಯಾಂಡೇ ಬೇಕಾ, ಅಗ್ಗದ ನಕಲು ಸಾಕಾ?"

ನನ್ನ ಉತ್ತರ ಇಷ್ಟು: ಕಣ್ಣು, ಹಲ್ಲು, ಕಾಲಿನ ವಿಷಯದಲ್ಲಿ ಚೌಕಾಸಿ ಮಾಡಬೇಡಿ. ಉಳಿದದ್ದರಲ್ಲಿ ಧಾರಾಳವಾಗಿ ಮಾಡಿ. ಅಂಗಡಿಯವರು "ಮಿಲಿಟರಿ ಗ್ರೇಡ್" ಎಂದು ಬರೆದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ, ಆ ಪದಕ್ಕೆ ಯಾವ ಅಳತೆಗೋಲೂ ಇಲ್ಲ. ಈ ಆಟ ನಿಮ್ಮ ಮೈಮೇಲಿನ ಸಾಮಾನಿನಿಂದ ಏನು ಕೇಳುತ್ತದೆ ಎಂಬುದನ್ನು ಮಾತ್ರ ನೋಡಿ.

ಹೊಸಬರಿಗೆ ಒಂದು ಮಾತು. ಇಲ್ಲಿ ಹಾರುವುದು 6 ಮಿ.ಮೀ. ಪ್ಲಾಸ್ಟಿಕ್ ಗುಂಡು, ಆಡುವವರು ಬಿಬಿ ಅನ್ನುತ್ತಾರೆ. ಪೇಂಟ್‌ಬಾಲ್‌ನ ಹಾಗೆ ಬಣ್ಣ ಮೆತ್ತುವುದಿಲ್ಲ. ತಗುಲಿಸಿಕೊಂಡವರೇ "ಹಿಟ್" ಎಂದು ಕೂಗಿ, ಕೈಯೆತ್ತಿ ಹೊರಬರಬೇಕು. ಇದು ಬಟ್ಟೆಯ ಆಯ್ಕೆಗೂ ತಳುಕು ಹಾಕಿಕೊಂಡಿದೆ, ಮುಂದೆ ಹೇಳುತ್ತೇನೆ.

ಮೊದಲು ಕಣ್ಣು. 0.20 ಗ್ರಾಂ ಬಿಬಿ ಸೆಕೆಂಡಿಗೆ 350 ಅಡಿ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 1.14 ಜೌಲ್. ಬ್ರಿಟನ್ನಿನ ಕಾನೂನು ಫುಲ್ ಆಟೋ (ಕುದುರೆ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರಿಸುವ) ಬಂದೂಕಿಗೆ 1.3 ಜೌಲ್, ಒಂದೊಂದೇ ಗುಂಡು ಹಾರಿಸುವುದಕ್ಕೆ 2.5 ಜೌಲ್‌ವರೆಗೆ ಬಿಡುತ್ತದೆ. ಜಪಾನಿನಲ್ಲಿ ಮಿತಿ 0.98 ಜೌಲ್. ಈ ಅಂಕಿಗಳನ್ನು ಗಾಗಲ್ಸ್ ಮೇಲಿನ ಗುರುತಿನ ಪಕ್ಕ ಇಟ್ಟು ನೋಡಿ. ಯುರೋಪಿನ ಇಎನ್ 166 ಮಾನದಂಡದಲ್ಲಿ "ಎಫ್" ಗುರುತು ಎಂದರೆ 6 ಮಿ.ಮೀ.ನ, 0.86 ಗ್ರಾಂ ತೂಕದ ಉಕ್ಕಿನ ಗೋಲಿ ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಡಿದರೂ ತಡೆದಿದೆ ಎಂದರ್ಥ. ಲೆಕ್ಕ ಹಾಕಿದರೆ ಅದು ಬರೀ 0.87 ಜೌಲ್, ನಿಮ್ಮ ಎದುರಾಳಿಯ ಬಂದೂಕಿಗಿಂತ ಕಡಿಮೆ! "ಬಿ" ಗುರುತಿಗೆ ವೇಗ 120 ಮೀಟರ್, ಅಂದರೆ 6.2 ಜೌಲ್. ಉಕ್ಕಿನ ಗೋಲಿಯೂ ಪ್ಲಾಸ್ಟಿಕ್ ಗುಂಡೂ ಒಂದೇ ರೀತಿ ಬಡಿಯುವುದಿಲ್ಲ ನಿಜ, ಆದರೂ ಕಣ್ಣಿನ ವಿಷಯದಲ್ಲಿ ಇಷ್ಟು ಅಂತರ ಇರಲೇಬೇಕು. ಹಾಗಾಗಿ "ಬಿ" ಇರುವುದನ್ನೇ ಕೊಳ್ಳಿ.

ಅಮೆರಿಕದ ಗುರುತು "ಝೆಡ್87+". ಇಲ್ಲಿ ತುಂಬ ಜನ ಎಡವುತ್ತಾರೆ. ಕನ್ನಡಕದ ಮೇಲೂ ಗಾಗಲ್ಸ್ ಮೇಲೂ ಇದೇ ಗುರುತು ಇರುತ್ತದೆ, ಆದರೆ ಪರೀಕ್ಷೆ ಬೇರೆ ಬೇರೆ. ಕಾಲಿಂಚಿನ ಉಕ್ಕಿನ ಗೋಲಿಯನ್ನು ಕನ್ನಡಕಕ್ಕೆ ಸೆಕೆಂಡಿಗೆ 150 ಅಡಿ ವೇಗದಲ್ಲಿ ಹೊಡೆದರೆ, ಗಾಗಲ್ಸ್‌ಗೆ 250 ಅಡಿ ವೇಗದಲ್ಲಿ ಹೊಡೆಯುತ್ತಾರೆ. ಶಕ್ತಿಯ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 1.1 ಮತ್ತು 3 ಜೌಲ್. ಜೊತೆಗೆ ಕನ್ನಡಕದ ಕೆಳಗೂ ಪಕ್ಕದಲ್ಲೂ ಸಂದು ಉಳಿಯುತ್ತದೆ. ಕನ್ನಡಿ ಮುಂದೆ ನಿಂತು ಸಾಮಾನ್ಯ ಪೆನ್ಸಿಲ್‌ನ ಹಿಂಬದಿಯನ್ನು ಆ ಸಂದಿಗೆ ಮೆಲ್ಲಗೆ ಹಿಡಿದು ನೋಡಿ. ಪೆನ್ಸಿಲ್ ತೂರುವ ಕಡೆ ಬಿಬಿ ಖಂಡಿತ ತೂರುತ್ತದೆ. ಆದ್ದರಿಂದ ಮುಖಕ್ಕೆ ಸುತ್ತಲೂ ಅಂಟಿ ಕೂರುವ ಗಾಗಲ್ಸೇ ಆಗಬೇಕು.

ಸುತ್ತಲೂ ಮುಚ್ಚಿದರೆ ಆವಿ ಕಟ್ಟುತ್ತದೆ. ಇದು ಸಣ್ಣ ತೊಂದರೆಯಲ್ಲ. ಆವಿ ಕಟ್ಟಿದ ಗಾಗಲ್ಸನ್ನು ಆಟದ ನಡುವೆ ಹಣೆಗೇರಿಸಿ ಒರೆಸುವ ಆ ನಾಲ್ಕು ಸೆಕೆಂಡಿನಲ್ಲೇ ಕಣ್ಣು ಹೋಗಬಹುದು. ಎರಡು ಪದರದ ಥರ್ಮಲ್ ಲೆನ್ಸ್ ಇರುವುದಕ್ಕೆ ಹೆಚ್ಚು ಹಣ ಕೊಡಿ. ಲೆನ್ಸಿನ ಒಳಮೈಗೆ ಆವಿ ತಡೆಯುವ ಲೇಪ ಇರುತ್ತದೆ. ಅಂಗಿಯ ಚುಂಗಿನಿಂದ ಉಜ್ಜಿದರೆ ಅದು ಎದ್ದುಹೋಗುತ್ತದೆ. ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಆರಿಸಿ. ಲೆನ್ಸ್ ಪಾಲಿಕಾರ್ಬೊನೇಟ್‌ನದು, ಅಸಿಟೋನ್‌ನಂಥ ದ್ರಾವಕ ತಾಗಿದರೆ ಒಳಗೊಳಗೇ ಸೀಳುತ್ತದೆ. ಸೊಳ್ಳೆಗೆಂದು ಹಚ್ಚುವ ಡೀಟ್ ಕೂಡ ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ, ಹಚ್ಚಿದ ಕೈ ತೊಳೆದೇ ಗಾಗಲ್ಸ್ ಮುಟ್ಟಿ. ಪವರ್ ಕನ್ನಡಕದವರು ಒಳಗೆ ಲೆನ್ಸ್ ಕೂರಿಸುವ ಮಾದರಿಯನ್ನೇ ಹುಡುಕಿ.

ತಂತಿಜಾಲರಿಯ ಗಾಗಲ್ಸಿಗೆ ಆವಿ ಕಟ್ಟುವುದಿಲ್ಲ, ಅಗ್ಗವೂ ಹೌದು. ಆದರೆ ಕಳಪೆ ಬಿಬಿ ಗೋಡೆಗೋ ಕಬ್ಬಿಣಕ್ಕೋ ಬಡಿದು ಪುಡಿಯಾದಾಗ ಚೂರು ಜಾಲರಿಯ ಕಣ್ಣಿನಲ್ಲಿ ತೂರಿ ಬರುತ್ತದೆ. ಜಾಲರಿ ಬಾಯಿಗೆ ಇರಲಿ. ಮುಂದಿನ ಹಲ್ಲು ಮುರಿಯುವುದು ಈ ಆಟದಲ್ಲಿ ಅಪರೂಪವಲ್ಲ, ಬರೀ ಸ್ಕಾರ್ಫ್ ಕಟ್ಟಿಕೊಂಡರೆ ಹಲ್ಲು ಉಳಿಯುವುದಿಲ್ಲ. ಮುಖದ ಕೆಳಭಾಗ ಮುಚ್ಚುವ ಮಾಸ್ಕ್ ಕೊಳ್ಳುವಾಗ ಅದರ ಕೆನ್ನೆಯ ಭಾಗ ಬಟ್ಟೆಯದಾಗಿರಲಿ. ಪೂರ್ತಿ ಲೋಹವಿದ್ದರೆ ಬಂದೂಕಿನ ಹಿಂಬದಿಗೆ ಕೆನ್ನೆ ಒತ್ತಲಾಗದೆ ಗುರಿ ಸಿಗುವುದಿಲ್ಲ.

ಬೂಟು ಕಣಕಾಲು ಮುಚ್ಚಬೇಕು, ಒದ್ದೆ ಮಣ್ಣಿನಲ್ಲಿ ಜಾರಬಾರದು. ಕಾಲು ಸ್ವಲ್ಪ ಊದಿರುವ ಸಂಜೆ ಹೊತ್ತು, ಆಡುವಾಗ ಹಾಕುವ ದಪ್ಪ ಕಾಲುಚೀಲದ ಜೊತೆ ಹಾಕಿ ನೋಡಿ.

ಇನ್ನು ಬಟ್ಟೆ. ಹೆಚ್ಚು ದಪ್ಪ ಇದ್ದಷ್ಟೂ ಒಳ್ಳೆಯದು ಎಂದುಕೊಂಡು ಸ್ವೆಟರ್ ಮೇಲೆ ಜಾಕೆಟ್, ಅದರ ಮೇಲೆ ಪ್ಯಾಡಿನ ವೆಸ್ಟ್ ಏರಿಸಿದರೆ ದೂರದಿಂದ ಬಂದ ಬಿಬಿ ತಗುಲಿದ್ದೇ ತಿಳಿಯುವುದಿಲ್ಲ. ಎದುರಿನವರ ಕಣ್ಣಿಗೆ ನೀವು ಹಿಟ್ ಒಪ್ಪದ ಮೋಸಗಾರ. ಈ ಆಟ ನಿಂತಿರುವುದೇ ಆ ಪ್ರಾಮಾಣಿಕತೆಯ ಮೇಲೆ, ಅದನ್ನು ಬಟ್ಟೆ ಕೆಡಿಸಬಾರದು. ಒಂದು ಪದರದ ಅಂಗಿ, ಒಂದು ಪದರದ ಪ್ಯಾಂಟು, ತೆಳು ಕೈಗವಸು ಸಾಕು. ಚಳಿಗಾದರೆ ಒಳಗೆ ತೆಳುವಾದ ಬೆಚ್ಚನೆ ಬನಿಯನ್ ಹಾಕಿಕೊಳ್ಳಿ.

ಬಟ್ಟೆಯ ಒಳಗಿನ ಲೇಬಲ್ ಓದಿ. ಅಮೆರಿಕ ಸೈನ್ಯದ ಸಮವಸ್ತ್ರ ಅರ್ಧ ನೈಲಾನ್, ಅರ್ಧ ಹತ್ತಿ. ನಕಲಿನಲ್ಲಿ ಸಾಮಾನ್ಯವಾಗಿ 65 ಪಾಲು ಪಾಲಿಯೆಸ್ಟರ್, 35 ಪಾಲು ಹತ್ತಿ. ತಿಂಗಳಿಗೆರಡು ಸಲ ಆಡುವವರಿಗೆ ಇದು ಸಾಕು, ಸಣ್ಣ ಚೌಕಗಳ ರಿಪ್‌ಸ್ಟಾಪ್ ನೇಯ್ಗೆ ಇದ್ದರಾಯಿತು: ಮುಳ್ಳು ಸೀಳಿದರೂ ಹರಕು ಆ ಚೌಕದ ದಾರಕ್ಕೆ ಬಂದು ನಿಲ್ಲುತ್ತದೆ. ಪೂರ್ತಿ ಪಾಲಿಯೆಸ್ಟರ್ ಮಾತ್ರ ಬೇಡ. ಹೊಗೆಬಾಂಬು, ಪಟಾಕಿಯಂಥದ್ದು ಬಳಸುವ ಫೀಲ್ಡಿನಲ್ಲಿ ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಪ್ಯಾಂಟು ಮನೆಗೆ ಬಂದ ದಿನವೇ ಹಾಕಿಕೊಂಡು ಪೂರ್ತಿ ಕುಕ್ಕರಗಾಲಿನಲ್ಲಿ ಕೂತು, ಎರಡೆರಡು ಮೆಟ್ಟಿಲು ಹತ್ತಿ ನೋಡಿ. ತೊಡೆಸಂದಿನಲ್ಲಿ ವಜ್ರಾಕಾರದ ತುಂಡು ಸೇರಿಸಿ ಹೊಲಿಯದ ಪ್ಯಾಂಟು ಅಲ್ಲೇ ಬಿಚ್ಚಿಕೊಳ್ಳುತ್ತದೆ. ಮೊಣಕಾಲಿನ ಪ್ಯಾಡ್ ಪ್ಯಾಂಟಿನೊಳಗೇ ಕೂರುವಂತಿದ್ದರೆ ಉತ್ತಮ. ಪಟ್ಟಿ ಕಟ್ಟುವ ಪ್ಯಾಡ್ ನಾಲ್ಕು ಹೆಜ್ಜೆ ಓಡಿದರೆ ಮೀನಖಂಡಕ್ಕೆ ಇಳಿಯುತ್ತದೆ.

ಕ್ಯಾಮೊ (ಸುತ್ತಲಿನ ಗಿಡಮಣ್ಣಿನಲ್ಲಿ ಬೆರೆಯುವ ಬಣ್ಣದ ವಿನ್ಯಾಸ) ಯಾವುದು ಅಂತ ತಲೆ ಕೆಡಿಸಿಕೊಳ್ಳುವವರೇ ಜಾಸ್ತಿ. 30 ಮೀಟರ್ ದೂರದಲ್ಲಿ ನಿಮ್ಮನ್ನು ಬಿಟ್ಟುಕೊಡುವುದು ನಿಮ್ಮ ಚಲನೆ. ಮಾಸಲು ಹಸಿರು, ಕಂದು ಬಟ್ಟೆ ಎಲ್ಲಿಗೂ ಆಗುತ್ತದೆ.

ಮ್ಯಾಗಜಿನ್ (ಬಂದೂಕಿಗೆ ಸಿಕ್ಕಿಸುವ ಗುಂಡಿನ ಡಬ್ಬಿ) ಹೊರುವ ವೆಸ್ಟಿನಲ್ಲಿ ನಕಲು ಕೊಂಡರೂ ನಷ್ಟವಿಲ್ಲ ಎನ್ನಲು ಕಾರಣ ತೂಕ. ಸೈನಿಕನ 30 ಗುಂಡು ತುಂಬಿದ ಎಂ4 ರೈಫಲ್‌ನ ಮ್ಯಾಗಜಿನ್ ಸುಮಾರು ಅರ್ಧ ಕೆ.ಜಿ. ನಿಮ್ಮ ಪ್ಲಾಸ್ಟಿಕ್ ಮಿಡ್-ಕ್ಯಾಪ್ (ಮಧ್ಯಮ ಗಾತ್ರದ) ಮ್ಯಾಗಜಿನ್‌ನಲ್ಲಿ 0.25 ಗ್ರಾಂನ 120 ಬಿಬಿ ತುಂಬಿದರೆ ಬಿಬಿಗಳ ತೂಕ 30 ಗ್ರಾಂ ಅಷ್ಟೆ. ಆ ಹೊರೆಗೆ 1000 ಡೆನಿಯರ್ ಕೊರ್ಡುರಾ (ಗಟ್ಟಿ ನೈಲಾನ್ ಬಟ್ಟೆ) ಬೇಕಿಲ್ಲ, 500 ಡೆನಿಯರ್ ಹಗುರ, ಬೇಗ ಒಣಗುತ್ತದೆ. (ಡೆನಿಯರ್ ಎಂದರೆ 9,000 ಮೀಟರ್ ದಾರದ ತೂಕ, ಗ್ರಾಂಗಳಲ್ಲಿ.) ಗ್ಯಾಸ್ ಬ್ಲೋಬ್ಯಾಕ್ (ಅನಿಲದಿಂದ ಗುಂಡು ಹಾರಿಸುವ) ಬಂದೂಕಿನ ಲೋಹದ ಮ್ಯಾಗಜಿನ್ ಹೊರುವವರು ಮಾತ್ರ ಗಟ್ಟಿಮುಟ್ಟಾದದ್ದನ್ನು ನೋಡಿ. ಹೊಸಬರಿಗೆ ಎದೆ, ಬೆನ್ನು ಎರಡನ್ನೂ ಮುಚ್ಚುವ ಪ್ಲೇಟ್ ಕ್ಯಾರಿಯರ್‌ಗಿಂತ ಎದೆಗಷ್ಟೇ ಕಟ್ಟುವ ಚೆಸ್ಟ್ ರಿಗ್ ಮೇಲು: ಬೆನ್ನಿಗೆ ಗಾಳಿಯಾಡುತ್ತದೆ, ಅಲ್ಲಿ ತಗುಲಿದ ಹಿಟ್ ಕೂಡ ತಿಳಿಯುತ್ತದೆ.

ನಕಲು ಕೈಕೊಡುವುದು ಹೊಲಿಗೆಯಲ್ಲಿ. ಪೌಚ್ ಸಿಕ್ಕಿಸುವ ಅಡ್ಡ ಪಟ್ಟಿಗಳ ಅಳತೆ ನಿಗದಿಯಾಗಿದೆ: ಪಟ್ಟಿ 25 ಮಿ.ಮೀ. ಅಗಲ, ಎರಡರ ನಡುವೆ 25 ಮಿ.ಮೀ. ಜಾಗ, 38 ಮಿ.ಮೀ.ಗೊಂದು ಹೊಲಿಗೆ. ಟೇಪ್ ಹಿಡಿದು ಹೊಲಿಗೆಗಳ ನಡುವಿನ ಅಕ್ಕಪಕ್ಕದ ನಾಲ್ಕು ಮನೆ ಅಳೆಯಿರಿ, 152 ಮಿ.ಮೀ. ಬರಬೇಕು. 145 ಬಂದರೆ ಬೇರೆ ಕಂಪನಿಯ ಪೌಚ್ ಸೊಟ್ಟಗೆ ಕೂರುತ್ತದೆ. ಪ್ರತಿ ಹೊಲಿಗೆಯೂ ಒತ್ತೊತ್ತಾಗಿ ಹಿಂದುಮುಂದು ಹೊಡೆದ ಬಾರ್‌ಟ್ಯಾಕ್ ಆಗಿರಬೇಕು. ಒಂದೇ ಸಾಲಿನ ಹೊಲಿಗೆ ಬೆರಳಿಗೆ ಸಿಕ್ಕಿಸಿ ಎಳೆದರೆ ದಾರ ಏಳುತ್ತದೆ. ಬಟ್ಟೆಯ ಒಳಮೈ ಲೇಪ ಮಡಚಿದಾಗ ಬಿಳಿಚಿಕೊಂಡು ಉದುರಿದರೆ ಹಿಂದಿರುಗಿಸಿ. ಕೊನೆಗೆ ಪೌಚುಗಳಿಗೆ ಒಟ್ಟು ನಾಲ್ಕು ಲೀಟರ್ ಆಗುವಷ್ಟು ನೀರಿನ ಬಾಟಲಿಗಳನ್ನು ಹಂಚಿ ತುಂಬಿ, ಹೆಗಲಪಟ್ಟಿಯಿಂದ ರಾತ್ರಿಯಿಡೀ ಗೂಟಕ್ಕೆ ತೂಗುಹಾಕಿ. ಬೆಳಗ್ಗೆ ಬಕಲ್ ಜಾರಿದೆಯೇ, ಪಟ್ಟಿಯ ಬುಡದ ಹೊಲಿಗೆ ಬಾಯಿಬಿಟ್ಟಿದೆಯೇ ನೋಡಿ. ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಇದನ್ನೆಲ್ಲ ಮಾಡಿ.

ರಜೆಗೆ ಊರಿಗೆ ಬರುವವರು ಇನ್ನೊಂದು ಗಮನಿಸಿ. ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕರ ಉಡುಪಿನಂಥದ್ದು ತೊಡುವುದು ಭಾರತದಲ್ಲಿ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ. ಮೂರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2022ರ ಜನವರಿ 15ರ ಸೇನಾ ದಿನದಂದು ನಮ್ಮ ಸೇನೆ ಹೊಸ ಡಿಜಿಟಲ್ ಮಾದರಿಯ ಸಮವಸ್ತ್ರ ತೋರಿಸಿತು. ಅದನ್ನು ಹೋಲುವ ಕ್ಯಾಮೊ ತೊಟ್ಟು ರೈಲು ನಿಲ್ದಾಣದಲ್ಲಿ ಓಡಾಡಿದರೆ ಪೊಲೀಸರಿಗೆ ಉತ್ತರ ಹೇಳುತ್ತಾ ನಿಲ್ಲಬೇಕಾದೀತು. ಆಟದ ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಬನ್ನಿ.